ನೂರಕ್ಕೆ ಏಳು ರೂಪಾಯಿಯ ಹೆದರಿಕೆ

ನಿಜವಾಗಿ ಆದದ್ದು ಇಷ್ಟೇ: ಬ್ಯಾಂಕು ಮುಳುಗಲಿಲ್ಲ, ಯಾರೂ ಓಡಿಹೋಗಲಿಲ್ಲ, ನನ್ನದೊಂದು ಪೈಸೆಯೂ ಕಡಿಮೆಯಾಗಲಿಲ್ಲ. ನಾನು ಹೆದರಿದೆ, ಅಷ್ಟೇ. ಮನೆಯವರು ಇದನ್ನೇ ಬೇರೆ ಬೇರೆಯಾಗಿ ಹೇಳುತ್ತಾರೆ. ಮಗ ಹೇಳಿದರೆ ಅವನ ಅವಮಾನದ ಕಥೆಯಾಗುತ್ತದೆ, ಮೊಮ್ಮಗಳು ಹೇಳಿದರೆ ನಗೆಯ ಕಥೆಯಾಗುತ್ತದೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಯವರೆಗೆ ಕಲಿತ ಕನ್ನಡ ಇಷ್ಟಕ್ಕೆ ಸಾಕು.

ಹೆದರುವುದು ನನಗೆ ಹೊಸದಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಕಾಯಿಪಲ್ಲೆ ತರಲು ಹೊರಟು ಭಾಜಿ ಮಂಡಿಯ ಅರ್ಧ ದಾರಿಯಿಂದ ತಿರುಗಿ ಬಂದವಳು ನಾನು. ಲಿಫ್ಟಿಗೆ ಹೆದರುತ್ತೇನೆ, ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿದರೆ ಹೆದರುತ್ತೇನೆ. ನಮ್ಮವರು ನಾಸಿಕದ ಹತ್ತಿರದ ದೇವಳಾಲಿ ಕ್ಯಾಂಪಿನಲ್ಲಿ ಮಿಲಿಟರಿ ಕಚೇರಿಯ ಕಾರಕೂನರಾಗಿದ್ದರು. ಗದಗಿನಿಂದ ಮದುವೆಯಾಗಿ ನಾನು ಅಲ್ಲಿಗೇ ಬಂದದ್ದು. ಬೆಳಗಾದರೆ ತೋಪು ಹಾರಿಸುವ ತಾಲೀಮು. ಗೋಡೆಯ ಮೇಲಿನ ದೇವರ ಫೋಟೋ ಗಡಗಡ ಅಲುಗುತ್ತಿತ್ತು. ಎಂಟೇ ದಿನಕ್ಕೆ ಅದು ನನಗೆ ರೂಢಿಯಾಯಿತು, ಒಗ್ಗರಣೆಯ ಸೌಟು ಕೈಯಲ್ಲಿ ಅಲುಗುತ್ತಿರಲಿಲ್ಲ. ಆದರೆ ಹೊಸದಾಗಿ ತಂದ ಕುಕ್ಕರು ಸೀಟಿ ಹೊಡೆದ ದಿನ ಹಿತ್ತಲಿಗೆ ಓಡಿದ್ದೆ. "ತೋಪಿಗೆ ಹೆದರೂದಿಲ್ಲ, ಕುಕ್ಕರಿಗೆ ಹೆದರತಾಳ. ಇಕಿ ಎಂಥಾ ಮಿಲಿಟರಿ ಹೆಂಗಸು!" ಎಂದು ನಮ್ಮವರು ಸಾಯುವ ತನಕ ಬಂದವರಿಗೆಲ್ಲ ಹೇಳಿದರು. ಅವರಿಗೆ ತಿಳಿಯದ್ದು ಒಂದೇ: ರೂಢಿಯಾದದ್ದು ಎಷ್ಟು ದೊಡ್ಡದಾದರೂ ಹೆದರಿಸುವುದಿಲ್ಲ.

ಹಾಗೆ ರೂಢಿಯಾದದ್ದು ನನ್ನ ಹಳೆಯ ಬ್ಯಾಂಕು. ನಾಸಿಕದಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿದೆ, ಸರಕಾರದ್ದು; ನನ್ನ ಮಗ ವಸಂತ ಅದೇ ಬ್ಯಾಂಕಿನ ಬೇರೊಂದು ಶಾಖೆಯ ಅಧಿಕಾರಿ. ನಮ್ಮವರ ಪೆನ್ಶನ್ನು ಅರ್ಧವಾಗಿ ನನ್ನ ಹೆಸರಿಗೆ ಅಲ್ಲಿ ಬರುತ್ತದೆ. ಫ್ಯಾನು ಕಿರುಗುಟ್ಟುತ್ತದೆ, ಪೆನ್ನನ್ನು ದಾರ ಕಟ್ಟಿ ಇಟ್ಟಿರುತ್ತಾರೆ, ಪಾಸ್‌ಬುಕ್ ಅಚ್ಚುಹಾಕುವ ಯಂತ್ರ ಸದಾ ಕೆಟ್ಟಿರುತ್ತದೆ. ಬಡ್ಡಿ ನೂರಕ್ಕೆ ನಾಲ್ಕು, ಅದೂ ಆರು ತಿಂಗಳಿಗೊಮ್ಮೆ. ನಾನು ಸಹಿ ಮಾಡುವುದು ಕನ್ನಡದಲ್ಲಿ, "ಅಂಬಾ" ಎಂದು. ಅಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲವಾದ್ದರಿಂದ ಅದನ್ನೊಂದು ಚಿತ್ರ ಎಂದು ನೋಡಿ ಹೊಂದಿಸುತ್ತಾರೆ. "ಆಜೀ, ಇಥೇ ತುಮಚೀ ಜಿಲೇಬೀ ಕಾಢಾ" ಎನ್ನುತ್ತಾನೆ ಕೌಂಟರಿನ ಪಾಟೀಲ, ಇಲ್ಲಿ ನಿಮ್ಮ ಜಿಲೇಬಿ ಬಿಡಿಸಿರಿ ಎಂದು. ನಾನು ಜಿಲೇಬಿ ಬರೆಯುತ್ತೇನೆ, ಅವನು ನೋಟು ಕೊಡುತ್ತಾನೆ.

ಈ ಸುಖಕ್ಕೆ ಕಲ್ಲು ಹಾಕಿದವಳು ಸುಮತಿ. ಉಡುಪಿ ಕಡೆಯವಳು, ನಮ್ಮ ಕಟ್ಟಡದ ಕೆಳಗೆ ಅವಳ ಗಂಡನ ಹೋಟೆಲಿದೆ. ಸಂಜೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಾಗ ನನ್ನನ್ನೂ ಕೂರಿಸಿಕೊಳ್ಳುತ್ತಾಳೆ.

"ನೀವು ಎಂತದಮ್ಮ, ಹಣವನ್ನು ಹಾಗೆ ಮಲಗಿಸಿ ಇಟ್ಟದ್ದು? ಸಿಗ್ನಲ್ ಹತ್ರ ಹೊಸ ಬ್ಯಾಂಕಿನಲ್ಲಿ ನೂರಕ್ಕೆ ಏಳು ಕೊಡ್ತಾರೆ. ಅದೂ ಸೇವಿಂಗ್ಸೇ, ಬೇಕಾದಾಗ ತೆಗೀಬಹುದು."

"ಏಳು ಯಾಕ ಕೊಡತಾರ? ಅವರಿಗೇನ ಹುಚ್ಚ ಹಿಡದದೇನು?"

"ಹೊಸ ಹೋಟ್ಲು ತೆರೆದಾಗ ನಾವು ಚಟ್ನಿ ಜಾಸ್ತಿ ಹಾಕುದಿಲ್ವಾ? ಹಾಗೆ."

"ಆಮ್ಯಾಲೆ?"

"ಆಮೇಲೆ ಕಡಿಮೆ ಮಾಡುದು. ಅಷ್ಟ್ರೊಳಗೆ ನೀವು ತಿಂದಾಗಿರ್ತದಲ್ಲ ಮಾರಾಯ್ರೆ!"

ನನ್ನ ಹಣ ಯಾವುದಕ್ಕೆ ಎಂದು ಹೇಳಿಬಿಡುತ್ತೇನೆ. ಅದು ನಾನು ಸತ್ತ ಮೇಲಿನ ಖರ್ಚಿಗೆ. ನಮ್ಮವರ ಹದಿಮೂರನೆಯ ದಿನ ಪಂಕ್ತಿ ಕೂತಿದ್ದಾಗ ನನ್ನ ಮೈದುನ ನಡುವೆ ನಿಂತು, "ಬುಂದಿ ಖರ್ಚು ನಂದು, ನಾಚಿಕಿ ಬಿಟ್ಟು ಹಾಕಿಸ್ಕೋರಿ" ಎಂದಿದ್ದ. ಜನ ಹಾಕಿಸಿಕೊಂಡರು. ನನ್ನ ಗಂಟಲಲ್ಲಿ ಮಾತ್ರ ಅದು ಇವತ್ತಿಗೂ ಸಿಕ್ಕಿಕೊಂಡಿದೆ. ನನ್ನ ಬುಂದಿ ನನ್ನದೇ ದುಡ್ಡಿನದಾಗಿರಬೇಕು ಎಂದು ಅಂದೇ ನಿಶ್ಚಯಿಸಿ, ಪೆನ್ಶನ್ನಿನಲ್ಲಿ ಉಳಿಸುತ್ತ ಬಂದಿದ್ದೆ. ನೂರಕ್ಕೆ ಏಳು ಬಂದರೆ ಬುಂದಿಯ ಜೊತೆಗೆ ಜಿಲೇಬಿಯೂ ಆದೀತು ಎನಿಸಿತು. ಏಳರ ಬಡ್ಡಿ ಬೆಳೆಯಬೇಕಾದರೆ ಹೆಚ್ಚು ಕಾಲ ಬದುಕಬೇಕಾಗುತ್ತದೆ; ಅದಕ್ಕೂ ನನ್ನ ಅಡ್ಡಿ ಇರಲಿಲ್ಲ.

ವಸಂತನಿಗೆ ಹೇಳಲಿಲ್ಲ. ಅವನಿಗೆ ಔರಂಗಾಬಾದಿಗೆ ವರ್ಗವಾಗಿತ್ತು—ಈಗ ಸಂಭಾಜಿನಗರ ಎನ್ನುತ್ತಾರೆ. ಶನಿವಾರ ಅರ್ಧ ದಿನ ಮುಗಿಸಿ ಸಂಜೆ ಮನೆಗೆ ಬಂದರೆ, ಮೇಲಿನವರು ಠೇವಣಿ ತನ್ನಿ ಠೇವಣಿ ತನ್ನಿ ಎಂದು ಜೀವ ತಿನ್ನುತ್ತಾರೆಂದು ಗೋಳಾಡುತ್ತಿದ್ದ. ಊರವರ ಮನೆ ಮನೆಗೆ ಹೋಗಿ ಹಣ ಕೇಳುವ ಮಗನ ತಾಯಿ ತನ್ನ ಹಣ ಎತ್ತಿಕೊಂಡು ಎದುರಿನ ಅಂಗಡಿಗೆ ಹೋದಳು ಎಂದರೆ ಹೇಗಿರುತ್ತದೆ, ನೀವೇ ಹೇಳಿ.

ಹೊಸ ಬ್ಯಾಂಕಿನೊಳಗೆ ಯೇವಲೆಯ ಪೈಠಣಿ ಸೀರೆ ಅಂಗಡಿಯಂತೆ ತಂಪು, ಘಮಘಮ. ಕೊರಳಿಗೆ ಟೈ ಕಟ್ಟಿದ ಹುಡುಗಿ ನನಗೆ "ಮ್ಯಾಡಮ್" ಎಂದಳು. ಬಡ್ಡಿ ಮೂರು ತಿಂಗಳಿಗೊಮ್ಮೆ. ಆದರೆ ಪಾಸ್‌ಬುಕ್ ಇಲ್ಲ. ಖಾತೆಯಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆಯಾದರೆ ದಂಡ. ಮ್ಯಾಡಮ್ ಎನಿಸಿಕೊಂಡ ಮೇಲೆ ಜಿಲೇಬಿ ಬರೆಯುವುದು ಸರಿಯಲ್ಲವೆಂದು ನಾನು ಜಂಬದಿಂದ ಮರಾಠಿ ಅಕ್ಷರದಲ್ಲಿ ಸಹಿ ಹಾಕಿ ಹಣ ಕಟ್ಟಿದೆ. ಹೊರಬಂದ ಕ್ಷಣದಿಂದ ಹೆದರಿಕೆ ಶುರು. ಕೈಯಲ್ಲಿ ಪುಸ್ತಕವಿಲ್ಲ, ಮಗನಿಗೆ ತಿಳಿದಿಲ್ಲ. ನಾನು ನಾಳೆ ಸತ್ತರೆ ಹಣ ಅಲ್ಲಿದೆ ಎಂದು ಹೇಳುವವರು ಯಾರು? ಮೈದುನ ಮತ್ತೆ ಪಂಕ್ತಿಯ ನಡುವೆ ನಿಂತಂತೆ ಕಣ್ಣಿಗೆ ಕಟ್ಟುತ್ತಿತ್ತು. ದಿನಾ ಬೆಳಿಗ್ಗೆ ಹೂವು ತರುವ ನೆಪದಲ್ಲಿ ಸಿಗ್ನಲ್ ತನಕ ಹೋಗಿ ಬ್ಯಾಂಕು ಇದೆಯೋ ಇಲ್ಲವೋ ನೋಡಿ ಬರತೊಡಗಿದೆ.

ಸಿಂಹಸ್ಥ ಕುಂಭಮೇಳದ ವರ್ಷ ಅದು. ಗೋದಾವರಿಯ ಸ್ನಾನಕ್ಕೆ ಊರು ತುಂಬ ಜನ. ಒಂದು ಶನಿವಾರ ಹೋಗಿ ನೋಡಿದರೆ, ಹೊತ್ತು ಹತ್ತೂವರೆಯಾದರೂ ಬ್ಯಾಂಕಿನ ಶಟರು ಎಳೆದಿತ್ತು! ಮೆಟ್ಟಿಲ ಮೇಲೆ ನೂರಾರು ಜನ. ಗಂಟುಮೂಟೆ ಇಟ್ಟುಕೊಂಡು ತಲೆಯ ಮೇಲೆ ಕೈಹೊತ್ತು ಕೂತವರು, ಬಾಯಿಗೆ ಸೆರಗು ಹಿಡಿದು ಅಳುವ ಒಬ್ಬ ಮುದುಕಿ, ಲಾಠಿ ಹಿಡಿದ ಪೊಲೀಸ. ನನಗೆ ಕೇಳುವ ಅಗತ್ಯವೇ ಬೀಳಲಿಲ್ಲ. ಆ ಮುದುಕಿಯ ಪಕ್ಕ ಕೂತು ನಾನೂ ಅತ್ತೆ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಬಹಳ ಹೊತ್ತು ಅತ್ತೆವು. ಅವಳು ಸ್ನಾನಕ್ಕೆ ಬಂದು ಗುಂಪು ತಪ್ಪಿದವಳು, ಉಳಿದವರು ನೆರಳಿಗೆ ಕೂತ ಯಾತ್ರೆಯವರು ಎಂಬುದು ಆಮೇಲೆ ತಿಳಿದದ್ದು.

ಮನೆಗೆ ಬಂದರೆ ವಸಂತ ಬನಿಯನ್ನಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಹಿಂದಿನ ರಾತ್ರಿ ಅವನು ಬಂದದ್ದೇ ನನಗೆ ಸೋಜಿಗವಾಗಿತ್ತು. ಈಗ ಎಲ್ಲ ಒಂದಕ್ಕೊಂದು ಕೂಡಿತು. ಎಲ್ಲ ಬ್ಯಾಂಕುಗಳೂ ಮುಳುಗಿವೆ!

"ವಸಂತಾ, ನಿನ್ನ ನೌಕರಿ ಹೋತೇನೋ?"

"ಯಾರಂದ್ರು ಅವ್ವಾ?"

"ಮತ್ತ ಶನಿವಾರ ಮನ್ಯಾಗ ಕೂತೀಯಲ್ಲಾ!"

"ಈ ತಿಂಗಳಿಂದ ಎರಡನೇ ಶನಿವಾರ ಬ್ಯಾಂಕಿಗೆ ಸುಟಿ. ನಿನ್ನೆ ಊಟಕ್ಕ ಕೂತಾಗ ಹೇಳಿದ್ನಲ್ಲಾ."

"ಎಲ್ಲಾ ಬ್ಯಾಂಕಿಗೂ ಸುಟಿ?"

"ಎಲ್ಲಾಕ್ಕೂ. ಯಾಕ, ನಿನಗ ಯಾವ ಬ್ಯಾಂಕ ಬೇಕಾಗಿತ್ತು?"

ಬ್ಯಾಂಕಿನವರ ಮನೆಯಲ್ಲಿದ್ದು ಬ್ಯಾಂಕಿನ ರಜೆ ತಿಳಿಯದ ತಾಯಿ ನಾನೊಬ್ಬಳೇ ಇರಬೇಕು. ಎಲ್ಲ ಹೇಳಿದೆ. ಅವನು ಚಹಾದ ಕಪ್ಪು ಕೆಳಗಿಟ್ಟ.

"ನಮ್ಮ ಬ್ಯಾಂಕಿನ್ಯಾಗ ನಿನಗೇನ ಕಡಿಮಿ ಆಗಿತ್ತವ್ವಾ?"

"ಮೂರು ರೂಪಾಯಿ," ಎಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಮುಖ ಊದಿಸಿಕೊಂಡೇ ಅವನು ಸಮಾಧಾನ ಹೇಳಿದ. "ಇರಲಿ ಬಿಡು. ಅದೂ ಚಲೋ ಬ್ಯಾಂಕೇ. ಲಕ್ಷದ ತನಕ ವಿಮಾ ಇರತದ, ಹೆದರಬ್ಯಾಡ."

"ಮುಳುಗೂದಿಲ್ಲ ಅಂದ್ರ ವಿಮಾ ಯಾಕ ಮಾಡಸತಾರ?"

ಅವನು ಮತ್ತೆ ಚಹಾದ ಕಪ್ಪು ಎತ್ತಿಕೊಂಡ. ನನ್ನ ಹೆದರಿಕೆ ಮತ್ತೆ ಶುರುವಾಯಿತು. ರವಿವಾರವೆಲ್ಲ ಹಣ ತೆಗೆದುಬಿಡುವ ಯೋಚನೆಯಲ್ಲೇ ಹೋಯಿತು. ಸೋಮವಾರ ಅವನು ಔರಂಗಾಬಾದಿನ ಗಾಡಿ ಹತ್ತಿದ್ದೇ ತಡ, ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ಅಪೂರ್ವಾಳನ್ನು ಎಳೆದುಕೊಂಡು ಹೊಸ ಬ್ಯಾಂಕಿಗೆ ಹೋದೆ. ಎಲ್ಲ ಹಣ ತೆಗೆಯುವ ಚೀಟಿಯ ಮೇಲೆ ಸಹಿ ಮಾಡಿದೆ. ಟೈ ಹುಡುಗಿ ಅದನ್ನೂ ಕಂಪ್ಯೂಟರನ್ನೂ ನೋಡಿ, "ಮ್ಯಾಡಮ್, ಸಹೀ ಜುಳತ ನಾಹೀ" ಎಂದಳು. ಹೊಂದುತ್ತಿಲ್ಲವಂತೆ. ಗಡಿಬಿಡಿಯಲ್ಲಿ ಜಿಲೇಬಿ ಬರೆದಿದ್ದೆ. ಮರಾಠಿಯಲ್ಲಿ ಬರೆದೆ. ಕೈ ನಡುಗಿ ಅಕ್ಷರಗಳು ಮಳೆಯಲ್ಲಿ ನೆನೆದ ಕಾಗೆಯಂತಾದವು. ಮತ್ತೆ ಜುಳತ ನಾಹೀ. ಹೊಂದಲಿಲ್ಲವೆಂದು ಹೆದರಿದೆ, ಹೆದರಿದ್ದಕ್ಕೆ ಇನ್ನಷ್ಟು ನಡುಗಿತು.

"ಅಜ್ಜಿ, ಘಾಬರಬ್ಯಾಡ ನಾ, ಜರಾ ಶಾಂತ ಆಗು," ಎಂದಳು ಅಪೂರ್ವಾ.

"ನನ್ನ ರೊಕ್ಕ ಒಳಗ, ನಾ ಹೊರಗ. ಹ್ಯಾಂಗ ಶಾಂತ ಆಗಲೇ?"

ಹುಡುಗಿ ನೀರು ಕೊಟ್ಟು, ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ, ಸಾಕ್ಷಿ ಹಾಕಿಸೋಣ ಎಂದಳು. ಹೆಬ್ಬೆಟ್ಟು! ಅದನ್ನು ಒತ್ತಬಾರದೆಂದೇ ನಾನು ನಾಲ್ಕು ಇಯತ್ತೆ ಹೊಡೆತ ತಿಂದು ಕಲಿತದ್ದು. ಒಲ್ಲೆ ಎಂದೆ. ಒಳಗಿನಿಂದ ಮ್ಯಾನೇಜರು ಬಂದು, ವಯಸ್ಸಾದವರ ಸಹಿ ಬದಲಾಗುವುದು ಸಹಜ, ನಾಳೆ ಗುರುತಿನ ಕಾಗದ ತಂದು ಹೊಸ ಸಹಿ ಕೊಟ್ಟುಬಿಡಿ ಎಂದರು. ಅಲ್ಲಿಯ ತನಕ ಹಣ ಅಲ್ಲಿಯೇ. ಬ್ಯಾಂಕು ಬದುಕಿದೆ, ನಾನೂ ಬದುಕಿದ್ದೇನೆ, ನಡುವೆ ನನ್ನ ಸಹಿಯೊಂದು ಸತ್ತಿದೆ ಎನಿಸಿತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಚಹಾ ಕುಡಿದು, ಒಬ್ಬಳೇ ಹೋದೆ. ಹುಡುಗಿ ಹಾಳೆ ಕೊಟ್ಟಳು. ಸಹಿ ಮಾಡಿದೆ. ಕೈ ಕಲ್ಲಿನಂತೆ ನಿಂತಿತ್ತು, ಖಾತೆ ತೆರೆದ ದಿನದ ಮರಾಠಿ ಸಹಿಯೇ ಮೂಡಿತು. "ಅರೇ, ಜುಳಲೀ!" ಎಂದು ಅವಳು ಕುಣಿದಾಡಿ, "ಈಗ ಹಣ ತೆಗೆಯುತ್ತೀರಾ?" ಎಂದು ಕೇಳಿದಳು. ಹೆದರಿಕೆ ಇಲ್ಲದ ಬೆಳಿಗ್ಗೆ ನೂರಕ್ಕೆ ಏಳನ್ನು ಬಿಟ್ಟು ಬರಲು ನನಗೇನು ಹುಚ್ಚೇ? ಬೇಡ ಎಂದೆ. ಬದುಕುವುದಕ್ಕೆ ನಾಲ್ಕರ ಬ್ಯಾಂಕು ಇರಲಿ, ಸಾಯುವುದಕ್ಕೆ ಏಳರದು ಇರಲಿ. ಆದರೆ ಹಾಳೆಯನ್ನು ಹರಿದು ಇನ್ನೊಂದು ಕೇಳಿದೆ. ಈ ಬ್ಯಾಂಕಿಗೆ ನಾನು ಹಣ ತೆಗೆಯಲು ಓಡಿಬರುವುದು ಹೆದರಿದಾಗ ಮಾತ್ರ. ಆಗ ಹೊಂದಬೇಕಾದದ್ದು ಹೆದರಿದ ಸಹಿ. ಕಣ್ಣು ಮುಚ್ಚಿ, ಎಳೆದಿದ್ದ ಆ ಶಟರನ್ನು ನೆನೆದೆ, ಏನೂ ಆಗಲಿಲ್ಲ. ಪಂಕ್ತಿಯ ನಡುವೆ ಬುಂದಿಯ ಬುಟ್ಟಿ ಹಿಡಿದು ನಿಂತ ಮೈದುನನನ್ನು ನೆನೆದೆ. ಕೈ ನಡುಗತೊಡಗಿತು. ಕೂಡಲೇ ಸಹಿ ಮಾಡಿ ಕೊಟ್ಟೆ.