ಹೋಳಿಗೆ ಎಷ್ಟು? ಕಡ್ಡಾಯವಾಗಿ ಭರ್ತಿ ಮಾಡಿ

ನಾನು ಅಚ್ಚು ಹಾಕಿದ ಅರ್ಜಿ ತುಂಬದ ಗಂಡಸು ಕೊಟ್ಟೂರು ಸೀಮೆಯಲ್ಲೇ ಹುಟ್ಟಿಲ್ಲ! ನಲವತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವನು. ಅರವತ್ತೆರಡನೇ ವಯಸ್ಸಿನಲ್ಲಿ, ಯಾವ ಗುರುವಿನ ಹಂಗೂ ಇಲ್ಲದೆ, ಕಂಪ್ಯೂಟರನ್ನೂ ಪಳಗಿಸಿದೆ. 2008ರಲ್ಲಿ ನನ್ನ ಆ ಪ್ರತಾಪ ಮನೆಯ ಮೇಲೇ ಎರಗಿತು.

ಮಗಳು ಅಮೃತಾಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ಗೊತ್ತಾಗಿತ್ತು. ಚೊಚ್ಚಲ ಬಸುರಿ, ನೆಂಟರೆಲ್ಲ ಬಂದು ಹರಸಬೇಕು. ಅಡುಗೆಯ ಜಂಬಯ್ಯ ಬಂದು, "ಎಷ್ಟು ಮಂದಿಗ ಮಾಡ್ಲಿರಿ?" ಅಂದ.

"ನೂರು ಮಂದ್ಯಾಗಬಹುದು. ಜಾಸ್ತೀನೂ ಆದೀತು," ಅಂದಳು ನನ್ನಾಕೆ ಕಲ್ಯಾಣಮ್ಮ.

"ಆಗಬಹುದು, ಆದೀತು! ಇದೇನ್ ಲೆಕ್ಕನ? ಎರಡು ದಿನ ತಡಿ, ಹೋಳಿಗಿ ಸಮೇತ ಲೆಕ್ಕ ಕೊಡ್ತೀನಿ!" ಅಂದೆ ನಾನು.

"ಮನಿಮನಿಗೆ ಹೋಗಿ ಕುಂಕುಮ ಹಚ್ಚಿ ಕರೀಬೇಕಲ್ರಿ?" ಅಂದಳು ಕಲ್ಯಾಣಮ್ಮ.

"ಇಮೇಲ್ ಇರೋ ಕಾಲದಾಗ ಬಸ್ಸು ಹತ್ತತಾರೇನ?"

ಕಂಪ್ಯೂಟರ್ ಮುಂದೆ ಕುಳಿತೆ, ಫಾರಂ ಮಾಡಿದೆ. ಬರುವಿರಾ? ಹೌದು, ಇಲ್ಲ. ಬಾರದಿದ್ದರೆ ಕಾರಣವೇನು? ಬಂದರೆ ಎಷ್ಟು ಜನ? ತಲೆಗೆ ಹೋಳಿಗೆ ಎಷ್ಟು? ಈ ಕೊನೆಯ ಪ್ರಶ್ನೆಯ ಮೇಲೆ ಒತ್ತಿದರೆ ಸೊನ್ನೆಯಿಂದ ನಾಲ್ಕರವರೆಗೆ ಅಂಕಿಗಳು ಪರದೆಯಂತೆ ಕೆಳಗಿಳಿಯುತ್ತಿದ್ದವು. ಎಲ್ಲವೂ ಕಡ್ಡಾಯ! ಒಂದು ಬಿಟ್ಟರೂ ಫಾರಂ ಮುಂದೆ ಹೋಗದು. ಮನೆಗೊಬ್ಬ ಮಗನದೋ ಸೊಸೆಯದೋ ಇಮೇಲ್ ಹುಡುಕಿ, ಕೂಡ್ಲಿಗಿಯಿಂದ ಹಡಗಲಿಯವರೆಗೆ ಮೂವತ್ತೊಂದು ಮನೆಗಳಿಗೆ ಒಂದೇ ಏಟಿಗೆ ಕಳಿಸಿದೆ. ಅಂಚೆಯಣ್ಣ ಆರು ದಿನ ಸೈಕಲ್ ತುಳಿಯುವ ಕೆಲಸ!

ಎರಡು ದಿನವಾದರೂ ಒಂದು ಉತ್ತರವಿಲ್ಲ. ಮೂರನೇ ದಿನ ಫೋನ್ ಬಂತು. ಹಗರಿಬೊಮ್ಮನಹಳ್ಳಿಯ ದಾಕ್ಷಾಯಣಮ್ಮ, ನನ್ನಾಕೆಯ ಅಕ್ಕ.

"ನಮ್ಮ ಮನ್ಯಾಗ ಎಷ್ಟು ಬಾಯಿ ಅದಾವ ಅಂತ ಎಣಿಸಾಕ ಹತ್ತೀರೇನ್ರಿ?"

"ಅಕ್ಕಾರ, ಅದು ಬರೀ ಅನುಕೂಲಕ್ಕ..."

"ಯಾರ ಅನುಕೂಲಕ್ಕ? ನಮ್ಮನಿಯವರು ಎಂಟು ಹೋಳಿಗಿ ತಿನ್ನೋರು. ನಿಮ್ಮ ಪೆಟ್ಟಿಗಿ ನಾಕಕ್ಕ ಕೈ ತೊಳೀರಿ ಅಂತೈತಿ!"

ಎಷ್ಟು ಜನ ಬರುತ್ತೀರಿ ಎಂದು ಕೇಳುವುದೇ ನಮ್ಮ ಕಡೆ ಅವಮಾನ. ನಾನು ತುತ್ತುಗಳ ಲೆಕ್ಕವನ್ನೂ ಕೇಳಿದ್ದೆ! ಆದರೆ ಸೋಲೊಪ್ಪುವ ಜಾತಿಯೇ ನನ್ನದು? ತಕ್ಷಣ ಎರಡನೇ ಫಾರಂ ಕಳಿಸಿದೆ. ಹೋಳಿಗೆಯನ್ನು ಹನ್ನೆರಡಕ್ಕೆ ಏರಿಸಿ, ಕೆಳಗೆ 'ಕ್ಷಮಿಸಿದ್ದೇನೆ', 'ಕ್ಷಮಿಸಿಲ್ಲ' ಎಂದು ಎರಡು ಚೌಕ ಇಟ್ಟೆ.

ಒಂದೇ ಗಂಟೆಯಲ್ಲಿ ಹತ್ತೊಂಬತ್ತು ಉತ್ತರ! ಹಿಗ್ಗಿ ತೆರೆದು ನೋಡಿದರೆ ಹತ್ತೊಂಬತ್ತೂ 'ಕ್ಷಮಿಸಿಲ್ಲ'. ಹರಪನಹಳ್ಳಿಯ ಬೀಗತಿ ಗಂಗಾಂಬಿಕಾ, ಅಂದರೆ ಅಮೃತಾಳ ಅತ್ತೆ, ಕಾರಣದ ಜಾಗದಲ್ಲಿ ಬರೆಸಿದ್ದರು: "ತಲೆ ಎಣಿಸಿ ಕರೆಯುವ ಮನೆಗೆ ನಾವು ಬರುವುದಿಲ್ಲ."

ಅಮೃತಾ ಅಳತೊಡಗಿದಳು. "ಅಪ್ಪಾಜಿ, ನಮ್ಮತ್ತಿ ಬರಲಿಲ್ಲಂದ್ರ ಹಸಿರು ಸೀರಿ ಉಟ್ಟು ನಾ ಯಾರ ಮುಂದ ಕುಂದ್ರಲಿ?"

ನಾನು ಮತ್ತೆ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡೆ.

"ಮೂರನೇ ಫಾರಂ..." ಎಂದು ಬಾಯಿ ತೆರೆದೆ.

"ಅದನ್ನ ಮುಟ್ಟಿದ್ರ ನೋಡ್ರಿ!" ಕಲ್ಯಾಣಮ್ಮ ಕುಂಕುಮದ ಭರಣಿಯನ್ನು ಚೀಲಕ್ಕೆ ಹಾಕಿದಳು. "ಏಳ್ರಿ, ಬಸ್ಸಿಗೆ ಹೊತ್ತಾತು!"

ಮೂರು ದಿನ ಬಸ್ಸು ಹತ್ತಿದೆವು, ಇಳಿದೆವು. ಮನೆ ಮನೆಯಲ್ಲೂ ಅವಳು ಕುಂಕುಮ ಹಚ್ಚಿ, "ಮನಿಮಂದೆಲ್ಲ ಬರಬೇಕ್ರಿ" ಅನ್ನುವಳು. ನಾನು ಒಗ್ಗರಣೆ ಮಂಡಕ್ಕಿ ತಿನ್ನುತ್ತ, ಬೈಗುಳವನ್ನೂ ನಂಚಿಕೊಳ್ಳುತ್ತ ಕೂರುವೆ. ಕೊನೆಗೆ ಹರಪನಹಳ್ಳಿ. ಬೀಗತಿ ಹಣೆಯೊಡ್ಡಿ ಕುಂಕುಮ ಹಚ್ಚಿಸಿಕೊಂಡು ನನ್ನತ್ತ ತಿರುಗಿದರು.

"ಬೀಗರೆ, ಇಷ್ಟ ದೂರ ಬರಕ್ಕೆ ನಿಮಗೂ ಗೊತ್ತೈತೆ ಅನ್ರಿ! ಹೋಗ್ರಿ, ನೋಡಾನ."

ಬರ್ತೀವಿ ಅನ್ನಲಿಲ್ಲ, ಬರಲ್ಲ ಅನ್ನಲಿಲ್ಲ. ಆ 'ನೋಡಾನ' ಎಂಬುದಕ್ಕೆ ನನ್ನ ಫಾರಂನಲ್ಲಿ ಚೌಕವೇ ಇರಲಿಲ್ಲ!

ಕುಬಸದ ದಿನ ಊಟದ ಹೊತ್ತಾದರೂ ಹರಪನಹಳ್ಳಿಯವರ ಸುಳಿವಿಲ್ಲ. ಹಸಿರು ಸೀರೆಯುಟ್ಟ ಅಮೃತಾ ಬಾಗಿಲನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಧೂಳೆದ್ದಿತು. ಒಂದು ಟೆಂಪೊ, ಅದರ ಹಿಂದೆ ಇನ್ನೊಂದು! ಮುಂದಿನದರಿಂದ ಗಂಗಾಂಬಿಕಾ ಇಳಿದರು. ಅವರ ಹಿಂದೆ ಹೆಂಗಸರು, ಗಂಡಸರು, ಮಕ್ಕಳು, ಅವರ ಪಕ್ಕದ ಮನೆಯವರು, ಪಕ್ಕದ ಮನೆಯವರ ನೆಂಟರು... ಅಮೃತಾಳ ಮುಖ ಅರಳಿತು. ನನ್ನ ತೋರುಬೆರಳು ತಾನಾಗಿ ಮೇಲೆದ್ದು, ಒಂದು, ಎರಡು, ಮೂರು...

"ರೀ, ಬೆರಳು!" ಕಲ್ಯಾಣಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಬೀಗತಿಯ ಕಣ್ಣು ಆಗಲೇ ಅದರ ಮೇಲೆ ಬಿದ್ದಿತ್ತು. ಎತ್ತಿದ ಬೆರಳನ್ನು ಇಳಿಸಿದರೂ ತಪ್ಪು, ಇಳಿಸದಿದ್ದರೂ ತಪ್ಪು! ಅದರ ಪಕ್ಕಕ್ಕೆ ಉಳಿದ ಒಂಬತ್ತನ್ನೂ ಗಬಕ್ಕನೆ ಜೋಡಿಸಿ ಕೈ ಮುಗಿದು, ನೆಲ ಮುಟ್ಟುವಷ್ಟು ಬಗ್ಗಿ ಅಂದೆ:

"ಬರ್ರಿ ಬರ್ರಿ... ಬರೀ ಇಷ್ಟ ಮಂದೀನ ಏನ್ರಿ?"