ಬಸ್ಸಿನಲ್ಲಿ ಬಂದು ದಣಿದ ಪವರ್ ಸಪ್ಲೈ

ಬಮ್ಮಿಗಟ್ಟಿಯ ನನ್ನ ಸೋದರಮಾವ ಯಂತ್ರಗಳ ಜೊತೆ ಮಾತಾಡುತ್ತಾರೆ. ಇದರಲ್ಲೇನು ವಿಶೇಷ, ಕೆಟ್ಟ ಪಂಪ್‌ಸೆಟ್ಟಿಗೆ ಬೈಯದವರು ಯಾರಿದ್ದಾರೆ? ಆದರೆ ಮಾವ ಬೈಯುವುದಿಲ್ಲ, ಕ್ಷೇಮ ಸಮಾಚಾರ ಕೇಳುತ್ತಾರೆ! ಮುಂಜಾನೆ ಟ್ರ್ಯಾಕ್ಟರಿನ ಬೆನ್ನು ತಟ್ಟಿ "ನಿದ್ದಿ ಆತೇನಪಾ?" ಎನ್ನದೆ ಕೀಲಿ ತಿರುಗಿಸಿದವರೇ ಅಲ್ಲ.

ಇಂಥವರ ಮನೆಗೆ ಕಂಪ್ಯೂಟರ್ ಬೇಕಾಯಿತು. ಅತ್ತೆಯ ಕಣ್ಣು ಮಂಜಾಗುತ್ತ ಬಂದು ವಚನದ ಪುಸ್ತಕ ಓದಲಾಗುತ್ತಿರಲಿಲ್ಲ. ದೊಡ್ಡ ಪರದೆಯ ಮೇಲೆ ದೊಡ್ಡ ಅಕ್ಷರ ಬೇಕಿತ್ತು. ತಜ್ಞನೆಂದು ಕುಟುಂಬವೆಲ್ಲ ಆರಿಸಿದ್ದು ನನ್ನನ್ನು. ನನ್ನ ಅರ್ಹತೆ? ಒಮ್ಮೆ ಯಾರದೋ ಮೌಸಿನ ಹೊಟ್ಟೆಯಿಂದ ಕಸ ತೆಗೆದಿದ್ದೆ!

ಪರಿಚಯದವರಿಂದ ಹಳೆಯ ಡೆಸ್ಕ್‌ಟಾಪ್ ಸಿಕ್ಕಿತು. ಅದರೊಳಗೆ ಕರೆಂಟು ಹಂಚುವ ಡಬ್ಬಿ, ಅಂದರೆ ಪವರ್ ಸಪ್ಲೈ, ಸತ್ತಿತ್ತು. "ಬರೇ ಓದಾಕಲ್ಲೇನ್ರಿ ಮಾಮಾ? ಕಡಿಮಿ ವ್ಯಾಟಿಂದು, ಸೋವಿದು ಸಾಕ್ರಿ," ಎಂದು ಗತ್ತಿನಿಂದ ಹೇಳಿ ಹುಬ್ಬಳ್ಳಿಯಿಂದ ಅಗ್ಗದ ಹೊಸದೊಂದನ್ನು ತಂದೆ.

ಮಾವ ಅದನ್ನು ತೆಂಗಿನಕಾಯಿಯಂತೆ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. "ಸಪ್ಪಳಿಲ್ಲ. ಚಲೋ ಐತಿ." ನಾನು ಸ್ಕ್ರೂಡ್ರೈವರ್ ಎತ್ತಿದ್ದೇ ತಡ, "ಏ ಅಳಿಯಾ, ತಡಿ! ಬಸ್ಸಿನ್ಯಾಗ ಬಂದೈತಿ. ಒಂದೀಟ ಆರಾಮ ಮಾಡ್ಲಿ."

"ಮಾಮಾ, ಅದು ತಗಡಿನ ಡಬ್ಬಿರಿ!"

"ನೀನೂ ಅದ ಬಸ್ಸಿಗೆ ಬಂದು ಚಾ ಕುಡದಿ. ಅದಕ್ಕ ಸುಮ್ಮನ ಕುಂಡ್ರಾಕರ ಬಿಡು."

ಡಬ್ಬಿಯ ವಿಶ್ರಾಂತಿ ಮುಗಿದ ಮೇಲೆ ಜೋಡಿಸಿ ಗುಂಡಿ ಒತ್ತಿದೆ. ಉಸಿರಿಲ್ಲ! ಬಿಡುತ್ತೇನೆಯೇ? ವೀಡಿಯೊಗಳಲ್ಲಿ ಕೇಳಿದ್ದನ್ನೆಲ್ಲ ಸುರಿದೆ. "ಸೋವಿ ಮಾಲಿನ ಹಣೇಬರಾನ ಇಷ್ಟ್ರಿ. ಒಳಗ ಕೆಪಾಸಿಟರು ಕಚಡಾ ಇರ್ತಾವ, ಲೋಡ್ ತಡಕೊಳ್ಳಂಗಿಲ್ಲ..."

ಮಾವ ಡಬ್ಬಿಯ ತಲೆ ಸವರಿದರು. "ಅಂಜಬ್ಯಾಡಪಾ. ಅವಂಗ ಹಂಗ ಮಾತಾಡೋ ಚಟ ಐತಿ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಮಿಕ್ಸರ್ ಅರ್ಧಕ್ಕ ನಿಂತೈತಿ. ಕರೆಂಟ್ ಯಾವಾಗ ಬರ್ತೈತಂತ?"

ನನ್ನ ಪಾಂಡಿತ್ಯವೂ ಅರ್ಧಕ್ಕೆ ನಿಂತಿತು.

ಕರೆಂಟು ಬಂದಿತು, ಡಬ್ಬಿಯೊಳಗಿನ ಫ್ಯಾನು ಗುಂಯ್‌ಗುಟ್ಟಿತು. ಹೋದ ಮಾನ ಮರಳಿ ಗಳಿಸಬೇಕಲ್ಲ! ಅದು ಲೋಡ್ ತಡೆಯದೆಂದು ತೋರಿಸಲು ಸಿಕ್ಕಸಿಕ್ಕ ವೀಡಿಯೊಗಳನ್ನೆಲ್ಲ ಒಟ್ಟಿಗೆ ಹಚ್ಚಿ ಡಬ್ಬಿಯನ್ನು ದುಡಿಸಿದೆ. ಮಾವ ಬಾಜೂಕ್ಕೆ ಕುಳಿತು, ಜ್ವರ ನೋಡುವವರಂತೆ ಅದರ ಮೇಲೆ ಕೈಯಿಟ್ಟೇ ಇದ್ದರು. ಸಂಜೆಯವರೆಗೂ ಅದು ಬಿಸಿಯಾಗಲಿಲ್ಲ, ನಿಲ್ಲಲಿಲ್ಲ.

"ಇದು ತಣ್ಣಗೈತಿ," ಎಂದರು ಮಾವ. "ನೀನ ಬೆವತೀಯಲ್ಲೋ!"

ಕೊನೆಗೆ ವಚನಗಳನ್ನು ತೆರೆದು ಅಕ್ಷರ ಹಿಗ್ಗಿಸಿದೆ. ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದು ಕುಳಿತರು. ಮೊದಲು ತಡವರಿಸಿದರು, ಆಮೇಲೆ ಇಡೀ ಸಾಲನ್ನು ರಾಗ ಎಳೆದು ಓದಿದರು. ಓದುತ್ತಲೇ ಹೋದರು.

ನಾನು ಶಹಭಾಸ್‌ಗಿರಿಗೆ ಎದೆಯುಬ್ಬಿಸಿ ನಿಂತಿದ್ದೆ. ಮಾವ ನನ್ನ ತೋಳು ಹಿಡಿದು ಕಟ್ಟೆಗೆ ಕರೆತಂದರು. ದನಿ ಒಳಗೆ ಕೇಳಬಾರದೆಂದು ಬಾಗಿಲು ಮುಂದಕ್ಕೆಳೆದರು.

"ಅಕ್ಷರ ಇನ್ನೂ ದೊಡ್ಡು ಮಾಡಾಕ ಬರ್ತೈತೇನ್ಲೇ?"

"ಬರ್ತೈತ್ರಿ. ಆದರ ಯಾಕ್ರಿ? ಅತ್ತಿಗೆ ಚಂದಂಗ ಕಾಣಾಕತ್ತೈತಲ್ರಿ."

"ಈಗ ಕಾಣ್ತೈತಿ," ಎಂದರು ಮಾವ. "ನಾ ಕೇಳಿದ್ದು ಮುಂದಿನ ವರ್ಷಕ್ಕ."