ಬಲೆ ಕಾಯಲು ಬಂದ ಗಂಡುಹುಲಿ

ತೊಂದರೆ ಶುರುವಾದದ್ದು ಅಂಗೈ ಅಗಲದ ಒಂದು ತೂತಿನಿಂದ. ಗಂಗೊಳ್ಳಿಯ ಜಿತೇಂದ್ರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು ನೋಡುತ್ತಾನೆ, ಹೊಸ ಬಲೆಯನ್ನು ಇಲಿ ಕಡಿದು ಹಾಕಿದೆ! ಇಷ್ಟು ವರ್ಷ ಪಕ್ಕದ ಮನೆ ಜಲಜಕ್ಕನ ಬಲೆ ಎಳೆದೆಳೆದೇ ಅವನ ಬೆನ್ನು ಬಾಗಿತ್ತು. ಈ ಮಳೆಗಾಲದ ರಜೆಯಲ್ಲಿ ಅಂತೂ ಇಂತೂ ಸ್ವಂತದ್ದೊಂದು ಬಲೆ ಮಾಡಿಕೊಂಡಿದ್ದ. ರಜೆ ಮುಗಿದು ದೋಣಿಗಳು ಮೊದಲ ಸಲ ಕಡಲಿಗಿಳಿಯುವ ದಿನ ಇವತ್ತು; ಸಂಜೆ ಅದನ್ನು ತನ್ನ ದೋಣಿಗೆ ಹಾಕಿಕೊಳ್ಳಲು ತಾಂಡೇಲ ಕರಿಯಣ್ಣ ಒಪ್ಪಿಯೂ ಆಗಿತ್ತು. ದೋಣಿ ನಡೆಸುವ ಕರಿಯಣ್ಣ ಯಾರಿಗೂ ಕಾಯುವ ಪೈಕಿಯಲ್ಲ.

“ತೂತ್ ಹೊಲಿಲಕ್ಕ್. ನೀವ್ ಉಂಬುಕ್ ಹೋದಾಗ ಎಲಿ ಮತ್ತೊಂದ್ ತೂತ್ ಮಾಡ್ತಲೆ?” ಎಂದಳು ಹೆಂಡತಿ ಸುಪ್ರೀತಾ.

“ನಮ್ ಬೆಕ್ಕ್ ಎಂತ ಮಾಡ್ತಾ ಇತ್ತ್?”

“ಅದ್ ಮೀನ್ ತಿಂಬು ಬೆಕ್ಕ್. ಎಲಿ ಎಲ್ಲ ಮುಟ್ಟುದಿಲ್ಲ. ಜಲಜಕ್ಕನ ಮಾಳನ್ನ ತನ್ನಿ, ಕಾಂಬ.”

ಆ ಕೇರಿಯವರಿಗೆ ಬೆಕ್ಕೆಂದರೆ ಎಲ್ಲವೂ ಒಂದೇ ಅಲ್ಲ. ಒಲೆ ಬುಡದಲ್ಲಿ ಬಿದ್ದುಕೊಂಡಿರುವುದು ಬರೀ ಬೆಕ್ಕು. ಒಣಮೀನಿನ ಮೇಲೆ ಕಣ್ಣಿಟ್ಟದ್ದು ಕಳ್ಳಬೆಕ್ಕು. ಊರೆಲ್ಲ ತಿರುಗಿ ಜಗಳ ಕಾಯುವ ಗಂಡುಬೆಕ್ಕು ಮಾಳ. ಇಲಿ ಹಿಡಿದದ್ದಕ್ಕೆ ಮಾತ್ರ ಹುಲಿಯೆಂಬ ಬಿರುದು. ಜಲಜಕ್ಕನದು ಮಾಳವೂ ಹೌದು, ಹುಲಿಯೂ ಹೌದು. ಒಂದು ಕಿವಿ ಹರಿದಿದ್ದ ಅದನ್ನು ಕಂಡರೆ ನಾಯಿಗಳೇ ದಾರಿ ಬಿಡುತ್ತಿದ್ದವು.

“ಕೊಂಡ್ ಹೋಗ್ ಮಾರಾಯ, ಅದ್ಕೆಂತ,” ಎಂದಳು ಜಲಜಕ್ಕ ಧಾರಾಳವಾಗಿ. “ಆದ್ರೆ ಬೆಕ್ಕ್ ಅಂದ್ಹೇಳಿ ಕರಿಬೇಡ, ಅದ್ಕೆ ಸಿಟ್ಟ್ ಬತ್ತ್. ಹುಲಿ ಅನ್ಕ್.”

ಜಿತೇಂದ್ರ ಹುಲಿಯನ್ನು ಮೀನಿನ ಬುಟ್ಟಿಯಲ್ಲಿ ಕೂರಿಸಿ, ಮೇಲೊಂದು ಗೋಣಿ ಮುಚ್ಚಿ ಕಡಲತೀರದ ಶೆಡ್ಡಿಗೆ ಹೊರಟ. ದಾರಿಯಲ್ಲಿ ಸಿಕ್ಕವರು ಸುಮ್ಮನಿರಬೇಕಲ್ಲ! “ಎಂತ ಮೀನ್ ಮಾರಾಯ?” ಎನ್ನುತ್ತ ಒಬ್ಬ ಗೋಣಿ ಎತ್ತಿಯೇ ಬಿಟ್ಟ. ಹುಲಿ ಅವನ ತಲೆ ಮೇಲೆ ಕಾಲಿಟ್ಟು ಹಾರಿ ತೆಂಗಿನಮರ ಏರಿತು. ಕೆಳಗೆ ಹತ್ತು ಜನ ಸೇರಿ ಇಪ್ಪತ್ತು ಸಲಹೆ ಕೊಟ್ಟರು. ಕೊನೆಗೆ ಸುಪ್ರೀತಾ ಗಂಡನ ಮಧ್ಯಾಹ್ನದ ಊಟಕ್ಕೆಂದು ಹುರಿದಿಟ್ಟ ಬಂಗುಡೆ ತಂದು ತೋರಿಸಿದ ಮೇಲೆ ಅದು ದೊಡ್ಡಸ್ತಿಕೆಯಿಂದ ಇಳಿದು ಬಂತು. ಬಂಗುಡೆ ಹುಲಿಗಾಯಿತು, ಗಂಜಿ ಜಿತೇಂದ್ರನಿಗೆ ಉಳಿಯಿತು. ಅದನ್ನು ಮತ್ತೆ ಬುಟ್ಟಿಗೆ ಹಾಕುವಾಗ ಒಂದು ಕೈಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಉಗುರಿನ ಗೀರುಗಳೂ ಸಿಕ್ಕವು.

ಆದರೆ ಶೆಡ್ಡಿಗೆ ಬಿಟ್ಟದ್ದೇ ತಡ, ಹುಲಿ ತನ್ನ ಹೆಸರು ಉಳಿಸಿಕೊಂಡಿತು. ಜಿತೇಂದ್ರ ಒಂದು ಮೂಲೆಯಲ್ಲಿ ತೂತು ಹೊಲಿಯುತ್ತಿದ್ದರೆ ಇನ್ನೊಂದು ಮೂಲೆಯಲ್ಲಿ ದಡಬಡ ಸದ್ದು. ಮೊದಲು ಒಂದು ಇಲಿ ಬಂದು ಅವನ ಕಾಲಬುಡದಲ್ಲಿ ಬಿತ್ತು. ಹೊಲಿಗೆ ಮುಗಿಯುವಷ್ಟರಲ್ಲಿ ಇನ್ನೂ ಎರಡು, ಅದರಲ್ಲೊಂದು ಹೆಗ್ಗಣವೇ ಸೈ.

ಜಿತೇಂದ್ರನ ಸಂಭ್ರಮ ಹೇಳತೀರದು. ಹುಲಿಯನ್ನು ಬಲೆಯ ಕಾವಲಿಗೆ ಬಿಟ್ಟು ಬಾಗಿಲು ಹಾಕಿದ. ಇಲಿಗಳನ್ನು ಕೋಲಿಗೆ ಕಟ್ಟಿ, ಹೆಗಲ ಮೇಲಿಟ್ಟು, ತಾನೇ ಕಚ್ಚಿ ಕೊಂದವನ ಹಾಗೆ ಎದೆಯುಬ್ಬಿಸಿ ಕಡಲತೀರದುದ್ದಕ್ಕೂ ಮೆರವಣಿಗೆ ಹೊರಟ. ಜನ ಚಪ್ಪಾಳೆ ಹೊಡೆದರು. ಯಾರೋ ಒಂದು ಪಟಾಕಿಯನ್ನೂ ಹಚ್ಚಿದರು.

“ಇನ್ ನನ್ ಬಲೆ ತಡೆವರ್ ಯಾರಿಲ್ಲ!” ಎಂದು ಜಿತೇಂದ್ರ ಘೋಷಿಸಿದ.

ಸಂಜೆ ಕರಿಯಣ್ಣ ಬಲೆ ಹೊರಲು ನಾಲ್ಕು ಆಳುಗಳೊಂದಿಗೆ ಬಂದ. ಹಿಂದೆ ಇಡೀ ಕೇರಿ. ಜಿತೇಂದ್ರ ನಗುತ್ತ ಬಾಗಿಲು ತೆರೆದ.

ಹುಲಿ ಹೊಸ ಬಲೆಯ ನಟ್ಟನಡುವೆ ಅಡ್ಡ ಮಲಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಕಣ್ಣು ಬಿಡದ ನಾಲ್ಕು ಮರಿಗಳು ಚಪ್ಪರಿಸಿ ಹಾಲು ಕುಡಿಯುತ್ತಿದ್ದವು.

“ಹ್ವಾಯ್, ಇದೇಯಾ ನಿಮ್ ಮಾಳ?” ಎಂದ ಕರಿಯಣ್ಣ.

ಜಲಜಕ್ಕ ಕೆನ್ನೆಗೆ ಕೈ ಇಟ್ಟುಕೊಂಡಳು. “ಅಯ್ಯೋ ದೇವ್ರೆ! ಅದ್ರ್ ಜೋರ್ ಕಂಡ್ ಗಂಡೇ ಅಂದ್ಹೇಳಿ ಗ್ರೈಸ್ಕಂಡಿದ್ದೆ!”

ಮರಿಗಳನ್ನು ಎತ್ತಿಡೋಣವೆಂದು ಜಿತೇಂದ್ರ ಬಗ್ಗಿದ. ಗೀರು ಬೀಳದೆ ಉಳಿದಿದ್ದ ಇನ್ನೊಂದು ಕೈಗೂ ಫಟ್ಟನೆ ಏಟು ಬಿತ್ತು. ಹಿಂದಿನಿಂದ ಸುಪ್ರೀತಾ ಚೀರಿದಳು.

“ಮುಟ್ಟಬೇಡಿ! ಹಸಿ ಬಾಣಂತಿನ ಎಬ್ಸುಕಾಗ!”

“ಹೌದ್ ಹೌದ್,” ಎಂದ ಕರಿಯಣ್ಣ ಗಂಭೀರವಾಗಿ. “ವರ್ಷದ್ ಮೊದಲ್ನೇ ದಿನ. ಬಾಣಂತಿನ ಎಬ್ಸಿ ತಂದ ಬಲೆ ನನ್ ದೋಣಿಗ್ ಬ್ಯಾಡ. ಕಡಲ್ ಮುನ್ಸ್‌ಕಂತ್.”

“ಹಾಂಗಾರೆ ಅದ್ ಏಳುದ್ ಏಗ್ಳಿಕೆ?” ಜಿತೇಂದ್ರನ ದನಿ ಅಳುವಿನ ಅಂಚಿಗೆ ಬಂದಿತ್ತು.

“ಬೆಕ್ಕ್ ಮರಿಗಳನ್ನ ಏಳ್ ಮನಿ ತಿರ್ಗ್ಸತ್ತಲೆ? ಮನ್ಸ್ ಬಂದಾಗ ಹೋತ್ತ್,” ಎಂದು ಜಲಜಕ್ಕ ಸಮಾಧಾನ ಹೇಳಿದಳು. “ಈಗ್ಳಿಕೆ ಇನ್ನೂ ಒಂದ್ನೇ ಮನಿ.”

ಕರಿಯಣ್ಣ ದೋಣಿಯನ್ನು ಖಾಲಿ ಬಿಡುವವನಲ್ಲ. ಅವೇ ನಾಲ್ಕು ಆಳುಗಳು ಪಕ್ಕದ ಶೆಡ್ಡಿಗೆ ನುಗ್ಗಿ ಜಲಜಕ್ಕನ ಹಳೇ ಬಲೆ ಹೊತ್ತು ತಂದರು. ಇತ್ತ ಹೆಂಗಸರು ಬಾಣಂತಿಗೆ ಬೆಚ್ಚಗಿರಲೆಂದು ಗೋಣಿ ತಂದು ಮುಚ್ಚಿದರು, ಹಾಲು ತಂದಿಟ್ಟರು. ಇಡೀ ಕೇರಿಗೇ ಹಬ್ಬ ಬಂದಿತ್ತು, ಹುಲಿಯಂತೂ ಕಣ್ಣು ಅರೆ ಮುಚ್ಚಿ ಮಹಾರಾಣಿಯ ಹಾಗೆ ಎಲ್ಲವನ್ನೂ ಸ್ವೀಕರಿಸುತ್ತಿತ್ತು.

ಜಿತೇಂದ್ರನನ್ನೂ ಹತ್ತಿಸಿಕೊಂಡು ದೋಣಿ ಹೊರಟಿತು. ಇಂಜಿನ್ ಸದ್ದನ್ನೂ ಮೀರಿ ದಡದಿಂದ ಸುಪ್ರೀತಾಳ ಕೂಗು ಕೇಳಿಸಿತು.

“ಹ್ವಾಯ್! ಬಪ್ಪತಿಗೆ ಒಳ್ಳೆ ಬೈಗೆ ಮೀನ್ ತನ್ನಿ!”

ತನ್ನ ಮೇಲೆ ಇವಳಿಗೊಬ್ಬಳಿಗಾದರೂ ಕನಿಕರ ಇದೆಯಲ್ಲ ಎಂದು ಜಿತೇಂದ್ರನ ಮನಸ್ಸು ಕರಗಿತು. “ಆಯ್ತ್! ಸಾರ್ ಮಾಡುಕಾ, ಹುರುಕಾ?” ಎಂದು ಕೂಗಿದ.

“ನಮ್ಗಲ್ಲ ಮಾರಾಯ್ರೆ! ಬಾಣಂತಿಗೆ!”

ಜಿತೇಂದ್ರ ಜಲಜಕ್ಕನ ಬಲೆಯ ಮೇಲೆ ಕುಳಿತುಕೊಂಡ.